ಉಸಿರು ಬಿಡು ಮಾರಾಯ್ತಿ: ಕುಮಟಾದಿಂದ ನೇತ್ರಾಣಿವರೆಗೆ ಎಂಟು ದಿನ

ನನಗೊಂದು ಕೆಟ್ಟ ಅಭ್ಯಾಸ ಇದೆ. ಹೆದರಿದರೆ ಉಸಿರು ಹಿಡಿದುಬಿಡುತ್ತೇನೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಲಾರಿಯನ್ನು ಓವರ್‌ಟೇಕ್ ಮಾಡೋ ಬಸ್ಸಿನಲ್ಲಿ, ಗುಡ್ಡ ಇಳಿಯುವಾಗ. ನನಗೆ ಗೊತ್ತೇ ಆಗುವುದಿಲ್ಲ, ಪಕ್ಕದಲ್ಲಿದ್ದವರು ಹೇಳಬೇಕು. ಈ ಸಲ ಪಕ್ಕದಲ್ಲಿದ್ದವರು ನಮ್ಮ ಅತ್ತಿಗೆ. ಎಂಟು ದಿನದಲ್ಲಿ ಅವರು ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು ಒಂದೇ: "ಉಸಿರು ಬಿಡು ಮಾರಾಯ್ತಿ."

ನಾನು ಹಿರಿಯೂರು ಕಡೆಯವಳು. ನಮ್ಮಲ್ಲಿ ನೀರು ಅಂದರೆ ಬೋರ್‌ವೆಲ್, ಅದೂ ಬಂದರೆ ಬಂತು. ಈಜು ಕಲಿತದ್ದು 38ನೇ ವಯಸ್ಸಿಗೆ, ಬೆಂಗಳೂರಿನ ಒಂದು ಈಜುಕೊಳದಲ್ಲಿ, ಆರು ವರ್ಷದ ಮಕ್ಕಳ ಬ್ಯಾಚಿನ ಜೊತೆ. ಅತ್ತಿಗೆ ಕುಮಟಾ ಹತ್ತಿರದ ಕಾಗಾಲದವರು. ಮನೆ ಹಿತ್ತಲಿಂದ ಕಡಲಿನ ಸದ್ದು ಕೇಳುತ್ತದೆ. ಆದರೆ ಕಡಲೊಳಗೆ ಸೊಂಟದ ಮಟ್ಟಕ್ಕಿಂತ ಜಾಸ್ತಿ ಅವರೂ ಇಳಿದವರಲ್ಲ. "ನಮ್ಮಲ್ಲಿ ಹೆಣ್ಣುಮಕ್ಕಳು ದೋಣಿ ಹತ್ತೂದು ತಾರಿ ದಾಟೂಕೆ ಮಾತ್ರ" ಅನ್ನುತ್ತಾರೆ. ತಾರಿ ಅಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ. ಬೆಂಗಳೂರಿಗೆ ಬಂದ ಮೇಲೆ ನನ್ನ ಜೊತೆಗೇ ಈಜು ಕಲಿತರು. ಅವರಿಗೀಗ 46. ಒಂದು ಚೀಟಿ ದುಡ್ಡು ಕೈಗೆ ಬಂತು. ಅಣ್ಣ ಹೊಸ ಸೋಫಾ ಅಂದ. ಅತ್ತಿಗೆ ಸ್ಕೂಬಾ ಅಂದರು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯೋದು.

ಡಿಸೆಂಬರಿನಲ್ಲಿ ಹೊರಟೆವು. ಮೊದಲು ಎರಡು ದಿನ ಕಡಲ ದಂಡೆ ಹಿಡಿದು ನಡೆಯೋದು, ಆಮೇಲೆ ಮುರುಡೇಶ್ವರದಲ್ಲಿ, ಅದರಾಚೆಯ ನೇತ್ರಾಣಿ ದ್ವೀಪದ ಬಳಿ ಡೈವಿಂಗ್ ಕಲಿಯೋದು. ಸುಮ್ನೆ ಒಂದು ಸಲ ಮುಳುಗಿ ಫೋಟೊ ತೆಗೆಸಿಕೊಂಡು ಬರುವುದಲ್ಲ, ಪೂರ್ತಿ ಓಪನ್ ವಾಟರ್ ಕೋರ್ಸ್. ಫೋಟೊ ಡೈವಿನಲ್ಲಿ ಗುರು ನಿಮ್ಮ ಬೆನ್ನ ಹಿಂದೆಯೇ ಹಿಡಿದುಕೊಂಡು ಇರುತ್ತಾರೆ, 12 ಮೀಟರ್ ದಾಟಿಸುವುದಿಲ್ಲ. ಓಪನ್ ವಾಟರ್ ಮುಗಿಸಿದರೆ ಜೊತೆಗಾರರೊಬ್ಬರ ಜೊತೆ 18 ಮೀಟರ್‌ವರೆಗೆ ನೀವೇ ಇಳಿಯಬಹುದು.

ಮೊದಲ ದಿನ: ಕುಮಟಾದಿಂದ ಅಘನಾಶಿನಿ

ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗ್ಗೆ ಕುಮಟಾದಲ್ಲಿ ಇಳಿಸಿತು. ಬನ್ಸ್ ಭಾಜಿ ತಿಂದು, ನಾಲ್ಕು ಬನ್ಸ್ ಕಟ್ಟಿಸಿಕೊಂಡು ಹೆಡ್‌ಬಂದರ್ ಕಡೆ ಹೆಜ್ಜೆ ಹಾಕಿದೆವು.

ಈ ದಂಡೆಯ ನಡಿಗೆಯಲ್ಲಿ ಒಂದು ಬೀಚು, ಒಂದು ಗುಡ್ಡ, ಮತ್ತೆ ಬೀಚು, ಮತ್ತೆ ಗುಡ್ಡ. ಪಶ್ಚಿಮ ಘಟ್ಟದ ಬೆರಳುಗಳು ಕಡಲವರೆಗೂ ಚಾಚಿಕೊಂಡು ಬಂದ ಹಾಗೆ. ವನ್ನಳ್ಳಿ, ಮಂಗೋಡ್ಲು, ಕಡ್ಲೆ, ಬಾಡ. ಗುಡ್ಡದ ಮೇಲೆ ಚಿರೆಕಲ್ಲಿನ ಹಾಸು, ಅದರ ಮೇಲೆ ಒಣಗಿದ ಕರಡ. ಬಿಸಿಲು ಏರಿದಂತೆ ಹುಲ್ಲು ಹೊಂಬಣ್ಣ, ಕಲ್ಲು ತುಕ್ಕಿನ ಬಣ್ಣ, ಕೆಳಗೆ ಕಡಲು. ಚೆನ್ನಾಗಿಯೇ ಇರುತ್ತದೆ. ಆದರೆ ನೆರಳು ಇಲ್ಲ. ಹತ್ತು ಗಂಟೆ ಹೊತ್ತಿಗೆ ಇಬ್ಬರೂ ಒಂದೊಂದು ಲೀಟರ್ ನೀರು ಮುಗಿಸಿದ್ದೆವು. ಹೋಗುವವರಿದ್ದರೆ ನೀರು ಜಾಸ್ತಿ ಇಟ್ಟುಕೊಳ್ಳಿ, ಏಳು ಗಂಟೆಯೊಳಗೆ ಹೊರಡಿ. ಮರಳಿನ ಮೇಲೆ ನಡೆಯುವಾಗ ಅಲೆ ಆಗಷ್ಟೇ ಒದ್ದೆ ಮಾಡಿ ಹೋದ ಪಟ್ಟಿಯ ಮೇಲೇ ನಡೆಯಿರಿ. ಒಣ ಮರಳು ಕಾಲನ್ನು ಹಿಂದಕ್ಕೆ ಎಳೆಯುತ್ತದೆ.

ಒಂದು ಕಡೆ ಬೀಚು ಮುಗಿದು ಬಂಡೆಗಳ ಮೂತಿ ನೀರಿಗೆ ಚಾಚಿತ್ತು. ಮೇಲೆ ಮುಳ್ಳು ಪೊದೆ, ದಾರಿ ಕಾಣಲಿಲ್ಲ. ಕೆಳಗೆ ಬಂಡೆಗೆ ಅಲೆ ಬಡಿಯುತ್ತಿತ್ತು. ನಾನು ಮೊಬೈಲ್ ತೆಗೆದು ಮ್ಯಾಪ್ ನೋಡತೊಡಗಿದೆ. ಅತ್ತಿಗೆ ಬಂಡೆ ನೋಡಿದರು. ಬಂಡೆಯ ಮೇಲೆ ಒಂದು ಗೇಣು ಎತ್ತರಕ್ಕೆ ಒದ್ದೆ ಗುರುತು ಇತ್ತು, ಅಲೆ ಈಗ ಅಲ್ಲಿಯವರೆಗೆ ಬರುತ್ತಿರಲಿಲ್ಲ.

"ಇಳಿತ ಶುರುವಾಗಿದೆ. ಅರ್ಧ ಗಂಟೆ ಕೂತ್ಕೋ."

ಕೂತೆವು. ಉಳಿದ ಬನ್ಸ್ ತಿಂದೆವು. ನೀರು ಸರಿಯುತ್ತಾ ಹೋಗಿ ಬಂಡೆಗಳ ಬುಡದಲ್ಲಿ ಕಾಲಿಡುವಷ್ಟು ಜಾಗ ಬಿಟ್ಟಿತು. ದಾಟುವಾಗ ಪಾಚಿಯ ಮೇಲೆ ಚಪ್ಪಲಿ ಜಾರಿತು, ನಾನು ಬಂಡೆಗೆ ಅಂಟಿಕೊಂಡು ನಿಂತೆ. ಮೊದಲ ಸಲ ಆ ಮಾತು ಬಂತು. ಉಸಿರು ಬಿಟ್ಟೆ. ಕಾಲು ತಾನಾಗಿ ಮುಂದಿನ ಕಲ್ಲು ಹುಡುಕಿಕೊಂಡಿತು.

ಸಂಜೆ ಅಘನಾಶಿನಿ ಊರು ಮುಟ್ಟಿದಾಗ ಹೊಳೆಯಲ್ಲಿ ನೀರು ಪೂರ್ತಿ ಇಳಿದಿತ್ತು. ಶಿರಸಿ ಕಡೆ ಹುಟ್ಟಿ, ಸುಮಾರು 120 ಕಿಲೋಮೀಟರ್ ಹರಿದು, ಒಂದೂ ಅಣೆಕಟ್ಟು ಕಾಣದೆ ಕಡಲಿಗೆ ಬರುವ ಹೊಳೆ ಇದು. ಅಳಿವೆಯ ಕೆಸರಿನಲ್ಲಿ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಬಳಚು ಅನ್ನೋ ಚಿಪ್ಪುಮೀನು ಹೆಕ್ಕುತ್ತಿದ್ದರು. ಕಣ್ಣು ಎಲ್ಲೋ, ಮಾತು ಇನ್ನೆಲ್ಲೋ, ಕಾಲಿನ ಬೆರಳು ಮಾತ್ರ ಕೆಸರಿನಲ್ಲಿ ಚಿಪ್ಪು ಹುಡುಕುತ್ತಿತ್ತು. 2024ರಲ್ಲಿ ಈ ಅಳಿವೆಗೆ ರಾಮ್ಸರ್ ತಾಣ, ಅಂದರೆ ಮಹತ್ವದ ಜೌಗು ಪ್ರದೇಶ ಅಂತ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ಹೊಳೆಯ ಪಕ್ಕದ, ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನೋ ಭತ್ತ ಬೆಳೆಯುತ್ತದೆ. ಉಪ್ಪು ನೀರು ನಿಂತರೂ ಸಾಯದ ತಳಿ. ನಮ್ಮೂರಲ್ಲಿ ನೀರಿಲ್ಲದೆ ಭತ್ತ ಇಲ್ಲ, ಇಲ್ಲಿ ಉಪ್ಪು ನೀರಲ್ಲೂ ಭತ್ತ!

ರಾತ್ರಿ ಅತ್ತಿಗೆಯ ದೊಡ್ಡಮ್ಮನ ಮನೆಯಲ್ಲಿ ಬಳಚಿನ ಸುಕ್ಕ, ಅನ್ನ. ಒಂಬತ್ತಕ್ಕೆ ಮಲಗಿದವಳು ಒಮ್ಮೆಯೂ ಮಗ್ಗುಲು ಬದಲಿಸಲಿಲ್ಲ.

ಎರಡನೇ ದಿನ: ತದಡಿಯಿಂದ ಗೋಕರ್ಣ

ಬೆಳಗ್ಗೆ ತಾರಿ ದಾಟಿ ತದಡಿ. ಮೀನು ಬಂದರು, ಬಲೆ ಒಣಗಿಸಿದ ವಾಸನೆ, ಬೆಕ್ಕುಗಳು. ಒಂದು ಕಾಲದಲ್ಲಿ ಇಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರಬೇಕಿತ್ತು. ಜನ ಒಪ್ಪಲಿಲ್ಲ, ಬರಲಿಲ್ಲ. ನಿನ್ನೆ ಆ ಬಳಚು ಹೆಕ್ಕುವವರನ್ನು ನೋಡಿದ ಮೇಲೆ, ಬರದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಬೇಲೆಕಾನ್ ದಾಟಿದ ಮೇಲೆ ಗೋಕರ್ಣದ ಹೆಸರಾಂತ ಸಾಲು ಶುರು: ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ. ಪ್ಯಾರಡೈಸಿಗೆ ಮತ್ತು ಹಾಫ್ ಮೂನಿಗೆ ಕಾಲ್ನಡಿಗೆ ಅಥವಾ ದೋಣಿ, ಎರಡೇ ದಾರಿ. ಅವೆರಡರ ನಡುವಿನ ಬಂಡೆ ದಾರಿ ಚೆಂದ, ಸ್ವಲ್ಪ ಎದೆ ಡವಗುಟ್ಟಿಸುವಂಥದ್ದು. ಓಂ ಬೀಚಿಗೆ ಬರುವಷ್ಟರಲ್ಲಿ ಸಂಗೀತ, ಬಿಯರ್ ಬಾಟಲಿ, ಸೆಲ್ಫಿ. ಎರಡು ದಿನ ಕಡಲಿನ ಸದ್ದು ಮಾತ್ರ ಕೇಳಿದ ಕಿವಿಗೆ ಆ ಸ್ಪೀಕರು ಹೊಡೆದ ಹಾಗಾಯಿತು. ಒಂದು ಮಾತು: ಈ ದಂಡೆಯಲ್ಲಿ ಕಡಲು ನೋಡೋಕೆ ಶಾಂತವಾಗಿ ಕಂಡರೂ ಕಾಲಡಿಯ ಸೆಳೆತ ಜೋರು. ಊರಿನವರು ಬೇಡ ಅಂದ ಕಡೆ ಇಳಿಯಬೇಡಿ. ಅವರಿಗೆ ನಿಮ್ಮ ಮೇಲೆ ಯಾವ ದ್ವೇಷವೂ ಇಲ್ಲ.

ಮೂರನೇ ದಿನ: ಹೊನ್ನಾವರದ ಕಾಂಡ್ಲಾ ವನ, ಅಪ್ಸರಕೊಂಡ

ಬಸ್ಸಿನಲ್ಲಿ ಹೊನ್ನಾವರ. ಶರಾವತಿಯ ಮೇಲೆ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ. ಸೇತುವೆಯ ಆಚೆ ಕಾಸರಕೋಡು. ಅಲ್ಲಿನ ಕಡಲ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ನಮಗೆ ಬೀಚು ಸಾಕಾಗಿತ್ತು, ಕಾಂಡ್ಲಾ ವನಕ್ಕೆ ಹೋದೆವು. ಕಾಂಡ್ಲಾ ಅಂದರೆ ಮ್ಯಾಂಗ್ರೋವ್. ಮರಗಳ ನಡುವೆ ಹಲಗೆಯ ದಾರಿ ಹಾಕಿದ್ದಾರೆ, ಕಾಲಿಗೆ ಕೆಸರಾಗದೆ ಒಳಗೆ ಹೋಗಬಹುದು.

ಹಲಗೆಯ ಮೇಲೆ ಬಗ್ಗಿ ನೋಡಿದೆ. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಕಡ್ಡಿಗಳು ಮೇಲಕ್ಕೆ ನಿಂತಿದ್ದವು. ಅವು ಗಿಡ ಅಲ್ಲ, ಬೇರು. ಕೆಸರಿನಲ್ಲಿ ಗಾಳಿ ಇಲ್ಲವಾದ್ದರಿಂದ ಮರ ತನ್ನ ಬೇರನ್ನು ಮೇಲಕ್ಕೆ ಕಳಿಸಿ ಉಸಿರಾಡುತ್ತದೆ. ಭರತ ಬಂದಾಗ ಮುಳುಗುತ್ತವೆ, ಇಳಿತದಲ್ಲಿ ಮತ್ತೆ ಗಾಳಿ ಎಳೆದುಕೊಳ್ಳುತ್ತವೆ. "ನೋಡು, ನಿನಗಿಂತ ಬುದ್ಧಿ ಇದೆ" ಅಂದರು ಅತ್ತಿಗೆ.

ಅಪ್ಸರಕೊಂಡದಲ್ಲಿ ಸಣ್ಣ ಜಲಪಾತ, ಮೇಲೆ ಗುಡ್ಡದ ತುದಿಯಲ್ಲಿ ಒಂದು ಉದ್ಯಾನ. ಅಲ್ಲಿಂದ ಕಡಲು ಅಗಲವಾಗಿ ಕಾಣುತ್ತದೆ. ಸಂಜೆ ಮುರುಡೇಶ್ವರ. 123 ಅಡಿಯ ಶಿವ, 237 ಅಡಿಯ ರಾಜಗೋಪುರ. ದೇವಸ್ಥಾನದಲ್ಲಿ ಅತ್ತಿಗೆ ಕೈಗೆ ಕೆಂಪು ದಾರ ಕಟ್ಟಿಸಿಕೊಂಡರು. ನನಗೂ ಕಟ್ಟಿಸಲು ನೋಡಿದರು, ನಾನು ಜಾರಿಕೊಂಡೆ.

ನಾಲ್ಕು, ಐದನೇ ದಿನ: ಪಾಠ, ಕೊಳ

ಮೊದಲು ಒಂದು ಫಾರಂ. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿಗೆ ಆಪರೇಷನ್ ಆಗಿದೆಯಾ. ಒಂದಕ್ಕೆ ಹೌದು ಅಂದರೂ ಡಾಕ್ಟರ ಚೀಟಿ ಬೇಕು. ಇಲ್ಲಿ ಸುಳ್ಳು ಬರೆಯೋದು ನಿಮ್ಮ ಜೀವದ ಜೊತೆ ಆಟ.

ನಮ್ಮ ಗುರು 26 ವರ್ಷದ ಹುಡುಗ, ಭಟ್ಕಳ ಕಡೆಯವನು. ಇಬ್ಬರಿಗೂ 'ಅಕ್ಕ' ಅಂದ. ಪಾಠ ಶುರು ಮಾಡುವ ಮೊದಲೇ ಬೋರ್ಡಿನ ಮೇಲೆ ಒಂದು ವಾಕ್ಯ ಬರೆದ: ಯಾವತ್ತೂ ಉಸಿರು ಹಿಡಿಯಬೇಡಿ. ಅತ್ತಿಗೆ ನನ್ನ ಮುಖ ನೋಡಿ ನಕ್ಕರು. ಅವನಿಗೆ ಅರ್ಥವಾಗಲಿಲ್ಲ.

ಕಾರಣ ಹೇಳಿದ. ನೀರೊಳಗೆ 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡು ಪಟ್ಟು. 20 ಮೀಟರಿಗೆ ಮೂರು ಪಟ್ಟು. ಸಿಲಿಂಡರಿನಿಂದ ಬರುವ ಗಾಳಿ ಆಯಾ ಆಳದ ಒತ್ತಡಕ್ಕೆ ತಕ್ಕ ಹಾಗೆ ಬರುತ್ತದೆ. 10 ಮೀಟರಿನಲ್ಲಿ ಎದೆ ತುಂಬಾ ಗಾಳಿ ಎಳೆದು, ಅದನ್ನು ಹಿಡಿದುಕೊಂಡೇ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶದಲ್ಲಿ ಅಷ್ಟು ಜಾಗ ಇಲ್ಲ, ಹರಿಯುತ್ತದೆ. "ಬಲೂನು ಅಂದ್ಕೊಳ್ಳಿ ಅಕ್ಕ. ಬಾಯಿ ಕಟ್ಟಿದ್ರೆ ಢಂ. ಬಿಟ್ಟಿದ್ರೆ ಏನೂ ಇಲ್ಲ." ಅವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಅಭ್ಯಾಸ ಇಷ್ಟು ವರ್ಷ ಬರೀ ತಮಾಷೆಯ ವಿಷಯ ಆಗಿತ್ತು.

ಕೊಳದಲ್ಲಿ ಮೊದಲು 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಹೇಗೆ ಬೇಕಾದರೂ ಈಜಿ, ಹೊತ್ತಿನ ಲೆಕ್ಕ ಇಲ್ಲ. ನಾನು ನನ್ನ ಎಮ್ಮೆ ಈಜಿನಲ್ಲೇ ಮುಗಿಸಿದೆ. ಆಮೇಲೆ ಸಾಮಾನು. ಗಾಳಿ ತುಂಬಿದರೆ ತೇಲಿಸುವ, ಬಿಟ್ಟರೆ ಮುಳುಗಿಸುವ ಜಾಕೆಟ್, ಅದಕ್ಕೆ ಬಿಸಿಡಿ ಅಂತಾರೆ. ಬಾಯಿಗೆ ಕಚ್ಚಿಕೊಳ್ಳುವ ರೆಗ್ಯುಲೇಟರ್. ಬೆನ್ನಿಗೆ 200 ಬಾರ್ ಒತ್ತಡದ ಸಿಲಿಂಡರ್. ಸೊಂಟಕ್ಕೆ ಸೀಸದ ತೂಕ. ಕಾಲಿಗೆ ಫಿನ್ಸ್. ನನಗೆ ಕೊಟ್ಟ ವೆಟ್‌ಸೂಟಿನ ಜಿಪ್ ಅರ್ಧಕ್ಕೇ ನಿಂತಿತು, ಇನ್ನೊಂದು ತರಿಸಿದರು, ಅದು ಇಡ್ಲಿ ಹಿಟ್ಟನ್ನು ಬಾಟಲಿಗೆ ತುಂಬಿದ ಹಾಗೆ. ನೆಲದ ಮೇಲೆ ಇದೆಲ್ಲ ಹೊತ್ತು ನಡೆದರೆ ಗರ್ಭಿಣಿಯ ನಡಿಗೆ. ನೀರಿಗೆ ಇಳಿದ ತಕ್ಷಣ ಭಾರ ಮಾಯ.

ಕೊಳದ ತಳದಲ್ಲಿ ಮೊಣಕಾಲೂರಿ ಕೂತು ಮೊದಲ ಉಸಿರು ಎಳೆದೆ. ಸುರ್ ಅಂತ ಸದ್ದು, ಆಮೇಲೆ ಗುಳು ಗುಳು. ಬಂತು, ಗಾಳಿ ಬಂತು! ಮನಸ್ಸು ಮಾತ್ರ ನಂಬಲಿಲ್ಲ. ಮುಖ ನೀರಲ್ಲಿದೆ, ಉಸಿರಾಡಬಾರದು ಅಂತ ಒಳಗಿನಿಂದ ಯಾರೋ ಕೂಗುತ್ತಲೇ ಇದ್ದರು. ಹತ್ತು ಉಸಿರು ಆದ ಮೇಲೆ ಕೂಗು ಸಣ್ಣದಾಯಿತು.

ಆಮೇಲೆ ಒಂದೊಂದೇ ಪಾಠ. ರೆಗ್ಯುಲೇಟರ್ ಬಾಯಿಂದ ತೆಗೆದು, ಕೈಬಿಟ್ಟು, ಮತ್ತೆ ಹುಡುಕಿ ಹಾಕಿಕೊಳ್ಳುವುದು. ಅದು ಬಾಯಲ್ಲಿ ಇಲ್ಲದಿರುವಾಗಲೂ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು. ಜೊತೆಗಾರರ ಹೆಚ್ಚುವರಿ ರೆಗ್ಯುಲೇಟರಿನಿಂದ ಉಸಿರಾಡುವುದು. ಮಾಸ್ಕ್ ಪೂರ್ತಿ ತೆಗೆದು, ಮತ್ತೆ ಹಾಕಿ, ಮೂಗಿನಿಂದ ಊದಿ ನೀರು ಹೊರಗೆ ತಳ್ಳುವುದು. ಇದೇ ನನ್ನ ಶತ್ರು. ಮೂಗಿಗೆ ನೀರು ತಾಕಿದ ಕೂಡಲೇ ಎದೆ ಮುಚ್ಚಿಕೊಳ್ಳುತ್ತಿತ್ತು. ಮೂರು ಸಲ ದಡಬಡ ಮೇಲೆದ್ದು ಕೆಮ್ಮಿದೆ. ಅತ್ತಿಗೆ ಒಂದೇ ಸಲಕ್ಕೆ ಮಾಡಿ, ಕಣ್ಣು ಮುಚ್ಚಿ ದೇವರ ಮುಂದೆ ಕೂತವರ ಹಾಗೆ ಕೂತಿದ್ದರು.

ಐದನೇ ದಿನ ಬೆಳಗ್ಗೆ ಹುಡುಗ ಒಂದು ಉಪಾಯ ಹೇಳಿದ. "ನೀರನ್ನು ಹೊರಗೆ ತಳ್ತೀನಿ ಅಂದ್ಕೋಬೇಡಿ ಅಕ್ಕ. ಮೂಗಿನಿಂದ ಹಾಡು ಗುನುಗಿ." ಗುನುಗಿದೆ. ಗುನುಗುತ್ತಾ ಇದ್ದರೆ ಉಸಿರು ಹಿಡಿಯೋಕೆ ಆಗುವುದೇ ಇಲ್ಲ, ಅಲ್ವಾ? ಮಾಸ್ಕ್ ಖಾಲಿಯಾಯಿತು. ಯಾವ ಹಾಡು ಅಂತ ಕೇಳಬೇಡಿ, ಲಾಲಿ ಹಾಡು.

ಆರನೇ ದಿನ: ನೇತ್ರಾಣಿ

ಬೆಳಗ್ಗೆ ದೋಣಿ. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಒಂದೂವರೆ ಗಂಟೆ ಹಿಡಿಯಿತು. ಹಿಂದೆ ಶಿವ ಸಣ್ಣವನಾಗುತ್ತಾ ಹೋದ, ಮುಂದೆ ಒಂದು ಹಸಿರು ಗುಡ್ಡೆ ದೊಡ್ಡದಾಗುತ್ತಾ ಬಂತು. ಮೇಲಿಂದ ನೋಡಿದರೆ ಹೃದಯದ ಆಕಾರವಂತೆ, ದೋಣಿಯಿಂದ ಬರೀ ಕಡಿದಾದ ಬಂಡೆ. ಪಾರಿವಾಳದ ದ್ವೀಪ ಅಂತಲೂ ಕರೆಯುತ್ತಾರೆ. ಒಂದು ಕಾಲದಲ್ಲಿ ನೌಕಾಪಡೆ ಇದನ್ನು ಗುರಿ ಇಟ್ಟು ಹೊಡೆಯುವ ಅಭ್ಯಾಸಕ್ಕೆ ಬಳಸುತ್ತಿತ್ತು. ಅದಕ್ಕಿಂತ ಹಳೆಯ ಕಥೆ ಮೀನುಗಾರರದ್ದು. ಹರಕೆ ಹೊತ್ತು ಆಡು ತಂದು ಬಿಡುತ್ತಿದ್ದರಂತೆ, ಅವುಗಳ ಸಂತಾನ ಈಗಲೂ ಗುಡ್ಡದ ಮೇಲೆ ಇದೆ. ಪ್ರವಾಸಿಗರು ದ್ವೀಪದ ಮೇಲೆ ಕಾಲಿಡುವ ಹಾಗಿಲ್ಲ.

ದೋಣಿ ನಿಂತ ಮೇಲೆ ಹೊಟ್ಟೆ ತೊಳೆಸತೊಡಗಿತು. ಓಡುವಾಗ ಏನೂ ಆಗುವುದಿಲ್ಲ, ನಿಂತು ತೂಗುವಾಗಲೇ ಕಷ್ಟ. ನಾಲ್ಕು ಜನ ಅಂಚಿಗೆ ಓಡಿದರು, ಅವರಲ್ಲಿ ನಾನೂ ಒಬ್ಬಳು. ಕೆಳಗೆ ಪಟ್ಟೆಪಟ್ಟೆ ಮೀನುಗಳು ಗುಂಪಾಗಿ ಬಂದು ನಮ್ಮ ಅವಲಕ್ಕಿಯನ್ನು ಮುಗಿಸಿದವು. ದೋಣಿಯವರು ಒಂದು ಚೂರು ಶುಂಠಿ ಕೊಟ್ಟು, "ನೀರಿಗೆ ಇಳಿರಿ ಅಕ್ಕ, ಅಲ್ಲಿ ತೂಗೂದಿಲ್ಲ" ಅಂದರು.

ಹಗ್ಗ ಹಿಡಿದು ಇಳಿಯಬೇಕು. ಒಂದು ಮೀಟರ್, ಎರಡು ಮೀಟರ್. ಮೂರಕ್ಕೆ ಎಡಗಿವಿಯಲ್ಲಿ ಸೂಜಿ ಚುಚ್ಚಿದ ಹಾಗೆ. ಮೂಗು ಹಿಡಿದು ಊದಿದೆ. ಕಿವಿ ತೆರೆಯಲಿಲ್ಲ. ಇನ್ನೂ ಜೋರಾಗಿ ಊದಬೇಕು ಅನ್ನಿಸಿತು. ಹುಡುಗ ನನ್ನ ಕೈ ಹಿಡಿದು ತಲೆ ಅಲ್ಲಾಡಿಸಿದ, ಒಂದು ಮೀಟರ್ ಮೇಲಕ್ಕೆ ಕರೆದುಕೊಂಡು ಹೋದ. ನೋವು ಹೋಯಿತು. ಅಲ್ಲಿ ಮೆಲ್ಲಗೆ ಊದಿಸಿದ. ಮತ್ತೆ ಅರ್ಧ ಮೀಟರ್ ಕೆಳಗೆ. ಮತ್ತೆ ಚುಚ್ಚು. ಮತ್ತೆ ಮೇಲೆ. ಅತ್ತಿಗೆ ಅಷ್ಟರಲ್ಲಿ ಇನ್ನೊಬ್ಬ ಗುರುವಿನ ಜೊತೆ ಕೆಳಗೆ ಹೋಗಿ ಬಂಡೆಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಗುಳ್ಳೆಗಳು ನನ್ನ ಮುಖಕ್ಕೆ ಬಡಿಯುತ್ತಿದ್ದವು.

ಹಗ್ಗದ ಮೇಲೆ ಹತ್ತು ನಿಮಿಷ ಕಳೆದೆ. ನನ್ನಿಂದ ಆಗುವುದಿಲ್ಲ ಅಂತ ಕೈಸನ್ನೆ ಮಾಡುವಷ್ಟರಲ್ಲಿ ಎಡಗಿವಿಯೊಳಗೆ ಕೀಚ್ ಅಂತ ಇಲಿ ಮರಿ ಕೂಗಿದ ಹಾಗೆ ಸದ್ದು ಬಂತು. ತೆರೆಯಿತು. ಆಮೇಲೆ ಆರು ಮೀಟರಿನವರೆಗೆ ಯಾವ ತೊಂದರೆಯೂ ಇಲ್ಲ.

ಮೇಲೆ ಬಂದ ಮೇಲೆ ಹುಡುಗ ವಿವರಿಸಿದ. ನಾನು ನೋವು ಬಂದ ಮೇಲೆ ಊದುತ್ತಿದ್ದೆ. ಅಷ್ಟು ಹೊತ್ತಿಗೆ ಒತ್ತಡ ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಒಯ್ಯುವ ಸಣ್ಣ ನಳಿಗೆಯನ್ನು ಮುಚ್ಚಿಬಿಟ್ಟಿರುತ್ತದೆ. ಜೋರಾಗಿ ಊದಿದರೆ ಕಿವಿಯ ತಮಟೆಗೇ ಪೆಟ್ಟು. "ನೋವು ಬಂದ ಮೇಲೆ ಅಲ್ಲ ಅಕ್ಕ, ಬರೋ ಮೊದಲೇ. ಮೇಲಿಂದಲೇ ಶುರು ಮಾಡಿ, ಇಳಿದ ಹಾಗೆಲ್ಲ ಒಂದೊಂದು ಸಲ."

ಎರಡನೇ ಡೈವ್ ಒಂಬತ್ತು ಮೀಟರಿಗೆ. ಈ ಸಲ ಕಿವಿ ಮಾತು ಕೇಳಿತು. ಮೊದಲ ಸಲ ಸುತ್ತ ನೋಡಲು ಬಿಡುವು ಸಿಕ್ಕಿತು. ಬಂಡೆಯ ಮೇಲೆ ಹವಳ, ಅದರ ಸಂದಿಯಲ್ಲಿ ಬಾಯಿ ತೆರೆದು ಮುಚ್ಚುವ, ಹಾವಿನಂಥ ಮೊರೆ ಈಲ್ ಮೀನು. ಎಲ್ಲಿಂದಲೋ ಕಟ ಕಟ ಅಂತ ಸದ್ದು, ಯಾರೋ ಒಣ ಚಕ್ಕುಲಿ ತಿನ್ನುವ ಹಾಗೆ. ನೀರಲ್ಲಿ ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ ಬರುತ್ತದೆ, ಯಾವ ದಿಕ್ಕಿನಿಂದ ಅಂತ ಕಿವಿಗೆ ತಿಳಿಯುವುದಿಲ್ಲ. ತಿರುಗಿ ತಿರುಗಿ ನೋಡಿದೆ. ಒಂದು ಪ್ಯಾರಟ್ ಫಿಶ್ ಹವಳದ ಬಂಡೆಯನ್ನು ಕೆರೆದು ತಿನ್ನುತ್ತಿತ್ತು. ತಿಂದದ್ದು ಅದರ ಹೊಟ್ಟೆಯಿಂದ ಮರಳಾಗಿ ಹೊರಗೆ ಬರುತ್ತದೆ.

ಆಗ ಆಮೆ ಬಂತು. ನಮ್ಮನ್ನು ಗಮನಿಸದೆ, ಸಂತೆಗೆ ಹೋಗುವ ಅಜ್ಜಿಯ ಹಾಗೆ ತನ್ನ ಪಾಡಿಗೆ. ನನಗೆ ಎಷ್ಟು ಖುಷಿಯಾಯಿತೆಂದರೆ ಹುಡುಗನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದೆ: ಸೂಪರ್! ಅವನು ತಕ್ಷಣ ನನ್ನ ಜಾಕೆಟ್ ಹಿಡಿದು ಮೇಲಕ್ಕೆ ಕರೆದುಕೊಂಡು ಹೊರಟ. ಡೈವಿಂಗಿನಲ್ಲಿ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಅಂತ ಅರ್ಥ. ಎಲ್ಲ ಚೆನ್ನಾಗಿದೆ ಅನ್ನೋದಕ್ಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಪರೀಕ್ಷೆಯಲ್ಲಿ ಇದನ್ನೇ ಸರಿಯಾಗಿ ಬರೆದು ಮಾರ್ಕ್ಸ್ ತೆಗೆದಿದ್ದೆ. ಆಮೆ ಹೋಯಿತು. ಅತ್ತಿಗೆ ದೋಣಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಎಂತಕ್ಕೆ ನನ್ನ ಆಮೆ ಓಡಿಸ್ದೆ?"

ಏಳನೇ ದಿನ: ಹದಿನಾರು ಮೀಟರ್

ಕಡಲು ಕನ್ನಡಿಯ ಹಾಗಿತ್ತು. ದೋಣಿಯವರೂ ಅದನ್ನೇ ಅಂದರು. ನೀರೊಳಗೆ ಹದಿನೈದು ಮೀಟರ್ ದೂರದ ಬಂಡೆ ಕಾಣುತ್ತಿತ್ತು.

ಮೂರನೇ ಡೈವ್ ಪೂರ್ತಿ ಪಾಠಕ್ಕೆ ಹೋಯಿತು. ಮಾಸ್ಕ್ ತೆಗೆಯುವುದು, ಗಾಳಿ ಹಂಚಿಕೊಳ್ಳುವುದು, ದಿಕ್ಸೂಚಿ. ಲಾಲಿ ಹಾಡು ಕೆಲಸ ಮಾಡಿತು.

ನಾಲ್ಕನೆಯದರ ಬಗ್ಗೆ ಹೇಳಬೇಕು. 16 ಮೀಟರಿಗೆ ಇಳಿದೆವು. ಅಲ್ಲಿ ಹುಡುಗ ಕೈ ಕಟ್ಟಿಕೊಂಡು, ಕಾಲು ಮಡಚಿಕೊಂಡು, ನೆಲಕ್ಕೂ ತಾಗದೆ ಮೇಲಕ್ಕೂ ಹೋಗದೆ ನಿಂತು ತೋರಿಸಿದ. ನಾವೂ ಮಾಡಬೇಕು. ಮೊದಲ ಎರಡು ದಿನ ಇದನ್ನು ಕೈಕಾಲು ಬಡಿದು ಸಾಧಿಸಲು ನೋಡಿದ್ದೆ. ಬಡಿದಷ್ಟೂ ಉಸಿರು ಜಾಸ್ತಿ, ಉಸಿರು ಜಾಸ್ತಿಯಾದಷ್ಟೂ ಏಳುಬೀಳು. ಅತ್ತಿಗೆಯ ಸಿಲಿಂಡರಿನಲ್ಲಿ 110 ಬಾರ್ ಉಳಿದಿದ್ದಾಗ ನನ್ನದರಲ್ಲಿ 60 ಇರುತ್ತಿತ್ತು. 50ಕ್ಕೆ ಮುಂಚೆ ಮೇಲೆ ಹೊರಡಬೇಕು, ಹಾಗಾಗಿ ನನ್ನಿಂದ ಎಲ್ಲರ ಡೈವೂ ಬೇಗ ಮುಗಿಯುತ್ತಿತ್ತು.

ಈ ಸಲ ಕೈಕಾಲು ಬಿಟ್ಟುಬಿಟ್ಟೆ. ಉದ್ದಕ್ಕೆ ಉಸಿರು ಎಳೆದೆ. ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಮೈ ಒಂದು ಗೇಣು ಮೇಲಕ್ಕೆ ಹೋಯಿತು. ಬಿಟ್ಟೆ. ಒಂದು ಗೇಣು ಕೆಳಕ್ಕೆ ಬಂತು. ಅಷ್ಟೇ. ಶ್ವಾಸಕೋಶವೇ ಲಿಫ್ಟು. ಮೂತಿಯ ಮುಂದೆ ಸಣ್ಣ ನೀಲಿ ಮೀನೊಂದು ನಾನು ಏರಿದಾಗ ಏರಿ, ಇಳಿದಾಗ ಇಳಿದು ನನ್ನನ್ನು ನೋಡುತ್ತಿತ್ತು. ಆಚೆ ಬ್ಯಾರಕುಡಾ ಮೀನುಗಳ ಹಿಂಡು, ಬೆಳ್ಳಿಯ ಚಾಕುಗಳನ್ನು ನೀರಲ್ಲಿ ನೇತು ಹಾಕಿದ ಹಾಗೆ, ಎಲ್ಲ ಒಂದೇ ಕಡೆ ಮುಖ ಮಾಡಿ ನಿಂತಿದ್ದವು.

ಅತ್ತಿಗೆ ನನ್ನ ತೋಳು ಮುಟ್ಟಿ ತಮ್ಮ ಮಣಿಕಟ್ಟು ತೋರಿಸಿದರು. ನಾಲ್ಕು ದಿನದ ಹಿಂದೆ ಕಟ್ಟಿಸಿಕೊಂಡ ಕೆಂಪು ದಾರ ಕಪ್ಪಾಗಿತ್ತು. ಪೂರ್ತಿ ಕಪ್ಪೂ ಅಲ್ಲ, ಹಳೇ ಪಾಚಿಯ ಬಣ್ಣ. ಮಾಸ್ಕಿನೊಳಗೆ ಅವರ ಕಣ್ಣು ದೊಡ್ಡದಾಗಿತ್ತು. ಹುಡುಗ ಬಂದ, ನೋಡಿದ, ಜೇಬಿನಿಂದ ಟಾರ್ಚ್ ತೆಗೆದು ದಾರದ ಮೇಲೆ ಬೆಳಕು ಬಿಟ್ಟ. ದಾರ ಕೆಂಪಗೆ ಹೊತ್ತಿಕೊಂಡಿತು. ಟಾರ್ಚ್ ಆರಿಸಿದ, ಕಪ್ಪು. ಹಚ್ಚಿದ, ಕೆಂಪು. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು. ಕೆಲವೇ ಮೀಟರ್ ಇಳಿದರೆ ಅದು ಮಾಸಿ ಹೋಗುತ್ತದೆ. ಪುಸ್ತಕದಲ್ಲಿ ಓದಿದ್ದೆವು. ಆದರೂ ಇಬ್ಬರೂ ಆ ಟಾರ್ಚನ್ನು ಹುಡುಗನ ಕೈಯಿಂದ ಕಿತ್ತುಕೊಂಡು ಮಕ್ಕಳ ಹಾಗೆ ಆಡಿದೆವು.

ವಾಪಸು ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಒತ್ತಡದಲ್ಲಿ ಮೈಗೆ ಸೇರಿದ ನೈಟ್ರೋಜನ್ ಮೆಲ್ಲಗೆ ಹೊರಗೆ ಹೋಗಲಿ ಅಂತ. ನನ್ನ ಗೇಜ್ ನೋಡಿಕೊಂಡೆ, 80. ಅತ್ತಿಗೆಯದು 90. ಐವತ್ತರ ಅಂತರವನ್ನು ಹತ್ತಕ್ಕೆ ಇಳಿಸಿದ್ದೆ.

ದೋಣಿಯಲ್ಲಿ ಹುಡುಗ ಕೈ ಕುಲುಕಿ, ಆಮೇಲೆ ಮುಖ್ಯವಾದ ಮಾತು ಹೇಳಿದ. ಇಷ್ಟು ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನಾವು ರೈಲಿನವರು, ನಮಗೇನು ಅಂದೆ. "ಘಟ್ಟ ಹತ್ತಲ್ವಾ ಅಕ್ಕ? ಅದೂ ಎತ್ತರವೇ. ಇವತ್ತು ಬೇಡ." ನಮ್ಮ ಸೀಮೆಯವರು ಇಲ್ಲಿ ಶನಿವಾರ, ಭಾನುವಾರ ಡೈವ್ ಮಾಡಿ ಅದೇ ಸಂಜೆ ಕಾರಿನಲ್ಲಿ ಘಟ್ಟ ಹತ್ತಿ ಬೆಂಗಳೂರಿಗೆ ಓಡುತ್ತಾರೆ. ಒಂದು ರಾತ್ರಿ ನಿಲ್ಲಿ, ದೊಡ್ಡ ನಷ್ಟ ಏನಿಲ್ಲ.

ಎಂಟನೇ ದಿನ: ಕಾಗಾಲ

ಹಾಗಾಗಿ ಒಂದು ದಿನ ಅತ್ತಿಗೆಯ ತವರಿನಲ್ಲಿ. ಸಂಜೆ ಕುಮಟಾದಿಂದ ರೈಲು, ಅಲ್ಲಿಯವರೆಗೆ ಏನೂ ಕೆಲಸ ಇಲ್ಲ. ಹೆಗಲ ಮೇಲೆ ಜಾಕೆಟ್ ಉಜ್ಜಿದ ಗುರುತು, ಕಿವಿಯಲ್ಲಿ ಇನ್ನೂ ಒಂದಿಷ್ಟು ನೀರು. ಅತ್ತಿಗೆಯ ಅಮ್ಮನಿಗೆ ಎಂಬತ್ತು ದಾಟಿದೆ. ಹಿತ್ತಲ ಕಟ್ಟೆಯ ಮೇಲೆ ಕೂತು ಮೆಟ್ಟುಗತ್ತಿಯಲ್ಲಿ ಬಳಚು ಒಡೆಯುತ್ತಿದ್ದರು. ಚಿಪ್ಪು ಒಂದು ಕಡೆ, ಮಾಂಸ ಒಂದು ಕಡೆ.

"ಕೆಳಗೆ ಬೆಳಕು ಇರ್ತದಾ?" ಅಂತ ಕೇಳಿದರು.

"ಇರ್ತದೆ ಅಮ್ಮ. ಕೆಂಪು ಬಣ್ಣ ಮಾತ್ರ ಇರೂದಿಲ್ಲ."

"ಅದೆಂತದೇ?"

ಅತ್ತಿಗೆ ಕೈ ಮುಂದೆ ಚಾಚಿದರು. "ಈ ದಾರ ಉಂಟಲ್ಲ, ಕೆಳಗೆ ಕಪ್ಪಾಗಿತ್ತು. ಮೇಲೆ ಬಂದ ಮೇಲೆ ಮತ್ತೆ ಕೆಂಪಾಯ್ತು."

ಅಮ್ಮ ಮಗಳ ಕೈ ಹಿಡಿದು ದಾರವನ್ನು ಹತ್ತಿರದಿಂದ ನೋಡಿದರು. ಒದ್ದೆ ಬೆರಳಿನಿಂದ ಒಮ್ಮೆ ಉಜ್ಜಿದರು. ಬೆರಳಿಗೆ ಒಂಚೂರು ಕುಂಕುಮದ ಬಣ್ಣ ಹತ್ತಿತು.

"ಬಣ್ಣ ಬಿಡೂ ದಾರ ಕಟ್ಟಿದಾರೆ ನಿಂಗೆ" ಅಂದು, ಇನ್ನೊಂದು ಬಳಚು ತೆಗೆದುಕೊಂಡರು.